ತನ್ನ ಕೂಗಿನ ಮೇಲೆ ತಾನೇ ಕೂಗಿದ ಅಕ್ಕ

ಶಿವಮೊಗ್ಗದ ನಮ್ಮ ಗೋಪಾಳ ಬಡಾವಣೆಯಲ್ಲಿ ಒಂದು ಕಾಲಕ್ಕೆ ಮದುವೆಯಾದವರಲ್ಲಿ ಅರ್ಧಕ್ಕರ್ಧ ಮಂದಿಯ ಮದುವೆ ಮೊದಲು ನಡೆದದ್ದು ಅಕ್ಕನ ಕಂಪ್ಯೂಟರಿನಲ್ಲಿ. ತಲೆಯ ಮೇಲೆ ಗಣಪತಿ, ನಡುವೆ ವಧೂವರರು, ಕೆಳಗೆ ಸುಖಾಗಮನ ಬಯಸುವ ಬಂಧುಗಳ ಸೈನ್ಯ. ಇಷ್ಟನ್ನು ಆಕೆ ಜೋಡಿಸಿ ಕೊಟ್ಟರೆ ಮದುವೆ ಆದ ಹಾಗೆಯೇ, ಆಮೇಲೆ ಛತ್ರದಲ್ಲಿ ನಡೆಯುವುದು ಬರೀ ಊಟ ಎಂದು ನಾನು ಚುಡಾಯಿಸುತ್ತಿದ್ದೆ. "ಹೌದು ಮತ್ತೆ, ಅದರಲ್ಲಿ ಸುಳ್ಳೇನಿದೆ?" ಎಂದು ಆಕೆ ಗಂಭೀರವಾಗಿಯೇ ಕೇಳುತ್ತಿದ್ದರು.

ಅಕ್ಕನ ಡಿಟಿಪಿ ಅಂಗಡಿ ಈ ಯುಗಾದಿಗೆ ಮುಚ್ಚಿತು. ಆಕೆ ಭದ್ರಾವತಿಯ ತಂಗಿ ಮನೆ ಸೇರಿದರು. ಅಂಗಡಿ ಇದ್ದ ಜಾಗದಲ್ಲಿ ಈಗ ಮೊಬೈಲಿನ ಕವರು ಮಾರುತ್ತಾರೆ. ಶಾಲೆ ಬಿಟ್ಟು ಬರುವಾಗ ನನ್ನ ಕಾಲು ಅಲ್ಲಿ ತಾನಾಗಿ ನಿಧಾನವಾಗುತ್ತದೆ. "ಕವರ್ ಬೇಕಾ ಮೇಡಂ?" ಎಂದು ಅಂಗಡಿಯವನು ಕೇಳುತ್ತಾನೆ, ಬೇಡಪ್ಪ ಎಂದು ಮುಂದೆ ಹೋಗುತ್ತೇನೆ. ಆಕೆಯ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ "ನನ್ನ ಹೆಸರು ಹಾಕೋಕೆ ಯಾರನ್ನ ಕೇಳಿದ್ರಿ? ಪ್ರೂಫ್ ತೋರಿಸಿದ್ರಾ?" ಎಂದು ಭದ್ರಾವತಿಯಿಂದ ಫೋನು ಬರುತ್ತದೆ. ಎಪ್ಪತ್ತು ದಾಟಿದ ಮುದುಕರೂ ಆಕೆಯನ್ನು ಅಕ್ಕ ಎಂದೇ ಕರೆಯುತ್ತಿದ್ದರು. ನನಗೂ ಅಕ್ಕ ಎಂದರೆ ಸಾಕು.

ಅಂಗಡಿ ಎಂದರೆ ಹಿಟ್ಟಿನ ಗಿರಣಿಗೆ ಅಂಟಿಕೊಂಡ ಒಂದೇ ಒಂದು ಕೋಣೆ. ಗಿರಣಿ ಶುರುವಾದರೆ ಗೋಡೆ ನಡುಗುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಹಾಗಾಗಿ ಅಕ್ಕನಿಗೆ ಜೋರಾಗಿ ಮಾತಾಡುವುದು ರೂಢಿಯಾಗಿ, ಗಿರಣಿ ನಿಂತ ಮೇಲೂ ಅದೇ ದನಿ ಉಳಿದುಬಿಟ್ಟಿತ್ತು. ಹಣೆಯಲ್ಲಿ ವಿಭೂತಿ, ಮೂಗಿನ ತುದಿಗೆ ಜಾರಿದ ಕನ್ನಡಕ, ತಲೆಯಲ್ಲೊಂದು ಸೇವಂತಿಗೆ. ಟೈಪು ಮಾಡುವಾಗ ಆಕೆ ಅಕ್ಷರಗಳನ್ನು ಬಾಯಲ್ಲೂ ಹೇಳುತ್ತಿದ್ದರು. ಸಾವಿನ ಕಾರ್ಡು ಟೈಪು ಮಾಡಿಸಲು ಬಂದವರಿಗೆ ತಮ್ಮ ಮನೆಯ ಸುದ್ದಿಯನ್ನು ಇಡೀ ಬೀದಿಗೆ ಕೂಗಿ ಹೇಳಿದ ಹಾಗೆ ಆಗುತ್ತಿತ್ತು.

ಲಗ್ನಪತ್ರಿಕೆಯ ಕೊನೆಗೆ 'ಆಶೀರ್ವಾದವೇ ಉಡುಗೊರೆ' ಎಂದು ಹಾಕಿಸುವ ಪದ್ಧತಿ ಇದೆಯಲ್ಲ, ಅದರ ವಿಷಯದಲ್ಲಿ ಅಕ್ಕನದು ಬೇರೆಯೇ ಕಾನೂನು. "ನಿಜವಾಗಿ ಬೇಡ್ವಾ ಉಡುಗೊರೆ? ಸ್ಟೇಜ್ ಹತ್ರ ಟೇಬಲ್ ಹಾಕಿ ಕವರ್ ಇಸ್ಕೊಳ್ಳೋಕೆ ಭಾವನ್ನ ಕೂರಿಸಲ್ಲ ತಾನೆ? ಕೂರಿಸೋದಾದ್ರೆ ಈ ಲೈನು ತೆಗಿತೀನಿ. ಸುಳ್ಳು ಟೈಪ್ ಮಾಡಲ್ಲ ನಾನು" ಎನ್ನುತ್ತಿದ್ದರು. ಗಿರಾಕಿ ತಬ್ಬಿಬ್ಬಾಗಿ ಹೆಂಡತಿಯ ಮುಖ ನೋಡುತ್ತಿದ್ದ. ಹತ್ತರಲ್ಲಿ ಎಂಟು ಸಲ ಆ ಸಾಲು ಹೋಗುತ್ತಿತ್ತು. ಬಂಧುಗಳ ಹೆಸರಿನ ಪಟ್ಟಿಯಲ್ಲಿ ಯಾರು ಮೇಲೆ ಯಾರು ಕೆಳಗೆ ಎಂದು ಅಣ್ಣತಮ್ಮಂದಿರು ಅಂಗಡಿಯಲ್ಲೇ ಜಗಳಕ್ಕೆ ನಿಂತರೆ ಅಕ್ಕ ಕೀಬೋರ್ಡಿನಿಂದ ಕೈ ತೆಗೆದು, "ಹೊರಗೆ ಹೋಗಿ ಕಾಫಿ ಕುಡಿದು ಒಂದೇ ಬಾಯಲ್ಲಿ ಬನ್ನಿ" ಎಂದು ಕಳಿಸುತ್ತಿದ್ದರು. ಬರುವಷ್ಟರಲ್ಲಿ ತಾವೇ ವಯಸ್ಸಿನ ಪ್ರಕಾರ ಜೋಡಿಸಿ ಪ್ರಿಂಟು ತೆಗೆದಿರುತ್ತಿದ್ದರು.

ನನಗೂ ಆಕೆಗೂ ನಂಟು ಬೆಳೆದದ್ದು ಪ್ರಶ್ನೆಪತ್ರಿಕೆಗಳಿಂದ. ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವವಳು, ನಮ್ಮ ಶಾಲೆಯ ಎಲ್ಲ ಪತ್ರಿಕೆಗಳೂ ಅಕ್ಕನ ಬಳಿಯೇ ಟೈಪಾಗುತ್ತಿದ್ದವು. ಆಕೆಯ ತಂಗಿಯ ಮಗ ಆಗ ಆಕೆಯ ಮನೆಯಲ್ಲೇ ಇದ್ದು ನಮ್ಮ ಶಾಲೆಗೇ ಬರುತ್ತಿದ್ದ. ಗಣಿತದ ಪತ್ರಿಕೆ ಇಡೀ ವಾರ ದೊಡ್ಡಮ್ಮನ ಕಂಪ್ಯೂಟರಿನಲ್ಲಿತ್ತು, ಹುಡುಗ ಗಣಿತದಲ್ಲೇ ಫೇಲಾದ. ತಂಗಿ ಭದ್ರಾವತಿಯಿಂದ ಬಂದು ಕೂಗಾಡಿದಳಂತೆ. ಅಕ್ಕ ಆ ಕತೆಯನ್ನು ಪದಕ ಸಿಕ್ಕಿದವರಂತೆ ಎಲ್ಲರಿಗೂ ಹೇಳಿಕೊಂಡು ತಿರುಗಿದರು. ವಿನಯ ಎನ್ನುವುದು ಆಕೆಯ ಹತ್ತಿರ ಸುಳಿದಿರಲಿಲ್ಲ, ನನಗೆ ಆಕೆ ಇಷ್ಟವಾಗಿದ್ದಕ್ಕೆ ಅದೂ ಒಂದು ಕಾರಣ. ಮದುವೆ ಯಾಕೆ ಆಗಲಿಲ್ಲ ಎಂದು ಒಮ್ಮೆ ಕೇಳಿದೆ. "ಊರವರ ಮದುವೆ ಪ್ರೂಫ್ ನೋಡಿ ನೋಡಿ ಸಾಕಾಯ್ತು ಮಾರಾಯ್ತಿ" ಎಂದು ನಕ್ಕರು.

ಆಕೆಯ ಗುಣ ಪೂರ್ತಿ ಬಿಚ್ಚಿಕೊಳ್ಳುತ್ತಿದ್ದದ್ದು ಮಾತ್ರ ನಮ್ಮ ಬಡಾವಣೆಯ ಗಣಪತಿಯ ಸವಾಲಿನಲ್ಲಿ. ಗಣಪತಿ ಬಿಡುವ ದಿನ ದೇವರ ಹಾರ, ಕಳಸದ ಕಾಯಿ, ಬಾಳೆಗೊನೆ ಎಲ್ಲವನ್ನೂ ಪೆಂಡಾಲಿನಲ್ಲಿ ಹರಾಜು ಕೂಗುತ್ತಾರೆ. ಕೂಗುವವರು ಗಂಡಸರು, ಹೆಂಗಸರು ಹಿಂದೆ ಕುರ್ಚಿಯಲ್ಲಿ ಕೂತು ನೋಡುವವರು. ಅಕ್ಕ ಒಬ್ಬರೇ ಎದ್ದು ನಿಂತು ಗಿರಣಿಯ ಗಂಟಲಿನಲ್ಲಿ ಕೂಗುತ್ತಿದ್ದರು. ಮೈಕಿನವನು "ಒಂದನೇ ಸಾರಿ, ಎರಡನೇ ಸಾರಿ" ಎನ್ನುವಷ್ಟರಲ್ಲಿ ಬೇರೆ ಯಾರೂ ಮೇಲೆ ಹೋಗದಿದ್ದರೆ, ತಾವು ಕೂಗಿದ್ದರ ಮೇಲೆ ತಾವೇ ಇನ್ನಷ್ಟು ಏರಿಸುತ್ತಿದ್ದರು. ನಮ್ಮ ಸವಾಲಿನಲ್ಲಿ ಇದು ಹೊಸದೇನಲ್ಲ. ದೇವರ ಕಾಯನ್ನು ಅಗ್ಗಕ್ಕೆ ಹೊಡೆದುಕೊಂಡರು ಎಂಬ ಮಾತು ಬರಬಾರದು ಎಂದು ಅನೇಕರು ಹಾಗೆ ಒಂದು ಸಲ ಏರಿಸುತ್ತಾರೆ. ಅಕ್ಕ ಒಂದು ಸಲಕ್ಕೆ ನಿಲ್ಲುತ್ತಿರಲಿಲ್ಲ, ಅಷ್ಟೇ. ಜನ ಚಪ್ಪಾಳೆ ತಟ್ಟಿದರೆ ಮತ್ತೊಮ್ಮೆ ಏರಿಸುತ್ತಿದ್ದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಾನು ಮುಖಕ್ಕೇ ಹೇಳುತ್ತಿದ್ದೆ. "ನನ್ನ ಜುಟ್ಟು, ನನ್ನ ಮಲ್ಲಿಗೆ, ನಿಮಗೇನು ಕಷ್ಟ?" ಎಂಬ ಉತ್ತರ ತಯಾರಿರುತ್ತಿತ್ತು.

ಕೊರೊನಾ ಕಳೆದ ಮಾರನೇ ವರ್ಷ ಒಂದು ಮಧ್ಯಾಹ್ನ ಅಕ್ಕನ ಕಂಪ್ಯೂಟರು ಸತ್ತುಹೋಯಿತು. ಅದು ಆಕೆ ಅಂಗಡಿ ತೆರೆದ ಹೊಸದರಲ್ಲಿ ಕೊಂಡದ್ದು. ಮೈಬಣ್ಣ ಹಳದಿಗೆ ತಿರುಗಿ, ಅಂಚಿನಲ್ಲಿ ಅರಿಶಿನ ಕುಂಕುಮದ ಕಲೆ ಕೂತು, ನೋಡಿದರೆ ಯಾವುದೋ ಗ್ರಾಮದೇವತೆ ಅನ್ನಬೇಕು. ಅದರೊಳಗಿನ ಕನ್ನಡ ಸಾಫ್ಟ್‌ವೇರೂ ಅಷ್ಟೇ ಹಳೆಯದು. ಆ ಕಾಲದಲ್ಲಿ ಅಂಥ ಸಾಫ್ಟ್‌ವೇರಿನ ಜೊತೆಗೆ ಹೆಬ್ಬೆರಳು ಗಾತ್ರದ ಒಂದು ಪ್ಲಾಸ್ಟಿಕ್ ತುಂಡು ಕೊಡುತ್ತಿದ್ದರು, ಅದಕ್ಕೆ ಲಾಕ್ ಎಂದು ಹೆಸರು. ಕಂಪ್ಯೂಟರಿನ ಬೆನ್ನಿಗೆ ಆ ಲಾಕ್ ಸಿಕ್ಕಿಸಿದರೆ ಮಾತ್ರ ಸಾಫ್ಟ್‌ವೇರು ತೆರೆಯುತ್ತದೆ, ಇಲ್ಲವಾದರೆ ಇಲ್ಲ. ಈಗಿನ ಕಂಪ್ಯೂಟರುಗಳ ಬೆನ್ನಿನಲ್ಲಿ ಆ ಲಾಕ್ ಕೂರುವ ಜಾಗವೇ ಇರುವುದಿಲ್ಲ.

ಆಲ್ಕೊಳ ಸರ್ಕಲ್ಲಿನ ರಿಪೇರಿಯವರು ಬಂದು ಬಿಚ್ಚಿ ನೋಡಿದರು. "ಮದರ್‌ಬೋರ್ಡ್ ಹೋಗಿದೆ ಅಕ್ಕ. ಹಾರ್ಡ್ ಡಿಸ್ಕ್ ಗಟ್ಟಿಯಾಗಿದೆ. ಇದೇ ಮಾಡೆಲ್ ಇನ್ನೊಂದು ಸಿಕ್ರೆ ಡಿಸ್ಕ್ ತೆಗೆದು ಅದಕ್ಕೆ ಹಾಕ್ತೀನಿ, ಮೊದಲಿನ ಹಾಗೇ ಓಡುತ್ತೆ. ಆದ್ರೆ ಇದು ಈಗ ಎಲ್ಲಿ ಸಿಗುತ್ತೆ ಹೇಳಿ?" ಎಂದರು. ಹೊಸ ಕಂಪ್ಯೂಟರು ಕೊಳ್ಳಿ, ಹೊಸ ಸಾಫ್ಟ್‌ವೇರು ಕಲಿಯಿರಿ ಎಂದು ಊರೆಲ್ಲ ಬುದ್ಧಿ ಹೇಳಿತು, ಅದರಲ್ಲಿ ನಾನೂ ಒಬ್ಬಳು. ಅಕ್ಕ ಎರಡು ದಿನ ನನ್ನ ಲ್ಯಾಪ್‌ಟಾಪಿನ ಮುಂದೆ ಕೂತು ನೋಡಿದರು. ಕೀಲಿಗಳ ಜಾಗ ಬೇರೆ, ಅಕ್ಷರಗಳ ಮೈಕಟ್ಟು ಬೇರೆ. ಅಷ್ಟು ವರ್ಷ ತಾವಾಗಿ ಓಡುತ್ತಿದ್ದ ಬೆರಳುಗಳು ಒಂದೊಂದು ಅಕ್ಷರಕ್ಕೂ ತಡಕಾಡುವುದನ್ನು ಕಂಡು ನನಗೇ ಸಂಕಟವಾಯಿತು.

ಅಂಗಡಿಯ ಕೋಣೆ ಗಿರಣಿಯವರದು. ಲಗ್ನದ ಸುಗ್ಗಿ ಶುರುವಾಗುವಷ್ಟರಲ್ಲಿ ಅಂಗಡಿ ನಡೆಯದಿದ್ದರೆ ಕೋಣೆ ಬಿಟ್ಟುಕೊಡಿ, ಮೂಟೆ ಇಡಲು ಬೇಕು ಎಂದು ಅವರು ಹೇಳಿದ್ದರು. ಅದೇ ಹೊತ್ತಿಗೆ ಅಕ್ಕನ ಬಳಿಯೇ ಕೆಲಸ ಕಲಿತು ದುರ್ಗಿಗುಡಿಯಲ್ಲಿ ದೊಡ್ಡ ಪ್ರಿಂಟಿಂಗ್ ಅಂಗಡಿ ಇಟ್ಟಿದ್ದ ಶಿಷ್ಯನೊಬ್ಬ ಬಂದ. ಒಳ್ಳೆಯ ಮನಸ್ಸಿನಿಂದಲೇ ಬಂದ. "ನಮ್ಮಲ್ಲಿ ಬಂದು ಕೂತ್ಕೊಳ್ಳಿ ಅಕ್ಕ, ಪ್ರೂಫ್ ನೋಡಿದ್ರೆ ಸಾಕು, ತಿಂಗಳಿಗೆ ಸಂಬಳ ಕೊಡ್ತೀನಿ" ಎಂದ. ಅವನ ಎದುರಿಗೆ ಅಕ್ಕ ಆಗಲಿ ನೋಡೋಣ ಎಂದು ಕಳಿಸಿ ನಮ್ಮ ಮನೆಗೆ ಬಂದರು. "ಟೀಚರೇ, ನಾನು ಇನ್ನೊಬ್ಬರ ಅಂಗಡಿಗೆ ಟಿಫಿನ್ ಡಬ್ಬಿ ಹಿಡ್ಕೊಂಡು ಹೋಗೋದನ್ನ ನೀವು ನೋಡ್ಬೇಕಾ?" ಎಂದರು. ಆ ದನಿ ಅಷ್ಟು ಸಣ್ಣದಾದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ನನಗೆ ಅಳು ಬಂತು, ಆಕೆ ಅಳಲಿಲ್ಲ.

ದಾರಿ ತೋರಿಸಿದ್ದು ನಮ್ಮ ಯಜಮಾನರು, ಅದೂ ಹಲ್ಲುಜ್ಜುತ್ತಾ. ಪೇಪರಿನ ಮೂಲೆಯಲ್ಲಿ ಒಂದು ಸಣ್ಣ ಜಾಹೀರಾತಿತ್ತು. ಭದ್ರಾವತಿಯ ಯಾವುದೋ ಖಾಸಗಿ ಕಂಪನಿ ತನ್ನ ಕಚೇರಿ ಮುಚ್ಚಿ, ಕುರ್ಚಿ ಮೇಜು ಬೀರು ಕಂಪ್ಯೂಟರುಗಳನ್ನೆಲ್ಲ ಆನ್‌ಲೈನ್ ಹರಾಜಿಗೆ ಇಟ್ಟಿತ್ತು. ವೆಬ್‌ಸೈಟು ತೆರೆದು ಅಕ್ಕನನ್ನು ಕರೆಸಿದೆ. ಫೋಟೋಗಳನ್ನು ಒಂದೊಂದಾಗಿ ಸರಿಸುತ್ತಿದ್ದ ಹಾಗೆ ಆಕೆ ನನ್ನ ಕೈ ಹಿಡಿದುಬಿಟ್ಟರು. "ಇದೇ! ಇದೇ ಕಣ್ರೀ! ಆ ಸ್ವಿಚ್ ನೋಡಿ, ಅದೇ ಮೂಗು!" ಎಂದು ಕೂಗಿದ್ದಕ್ಕೆ ಯಜಮಾನರು ಬಾಯಿ ಮುಕ್ಕಳಿಸುವುದನ್ನು ಬಿಟ್ಟು ಓಡಿಬಂದರು. ಆ ಮಾಡೆಲಿನದು ಅಲ್ಲಿ ಇದ್ದದ್ದು ಒಂದೇ ಒಂದು.

ಹರಾಜಿಗೆ ಮೊದಲು ಮಾಲನ್ನು ಕಣ್ಣಾರೆ ನೋಡಲು ಒಂದು ದಿನ ಕೊಟ್ಟಿದ್ದರು. ನಾನು ರಜೆ ಹಾಕಿ ಆಕೆಯ ಜೊತೆ ಬಸ್ಸು ಹತ್ತಿದೆ. ಅಕ್ಕ ರೇಷ್ಮೆ ಸೀರೆ ಉಟ್ಟಿದ್ದರು. ಹೆಣ್ಣು ನೋಡೋಕೆ ಹೊರಟಿದ್ದೀರಾ ಎಂದರೆ, "ಹೂಂ, ಒಪ್ಪಿಗೆ ಆದ್ರೆ ಇವತ್ತೇ ತಾಂಬೂಲ" ಎಂದರು. ಲಾಕನ್ನು ಕರ್ಚೀಫಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ಭದ್ರೆಯ ಸೇತುವೆ ದಾಟುವಾಗ ಅದು ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಂಡರು.

ಕಚೇರಿಯ ಹಾಲಿನಲ್ಲಿ ಸಾಮಾನು ರಾಶಿ ಬಿದ್ದಿತ್ತು. ವಾಚ್‌ಮನ್ ತಮಿಳು ಮನೆಮಾತಿನವರು. "ನೋಡಕ್ಕೆ ಮಾತ್ರಾಮ್ಮಾ. ಸ್ವಿಚ್ ಹಾಕಕ್ಕೆ ಆರ್ಡರ್ ಇಲ್ಲೆ, ಕರೆಂಟೂ ಇಲ್ಲೆ" ಎಂದರು. ಸ್ವಿಚ್ಚು ಬೇಡ ಎಂದು ಅಕ್ಕ ರೇಷ್ಮೆ ಸೀರೆಯಲ್ಲೇ ನೆಲಕ್ಕೆ ಕೂತು, ಕಂಪ್ಯೂಟರಿನ ಬೆನ್ನಿನ ಧೂಳನ್ನು ಸೆರಗಿನಲ್ಲಿ ಒರೆಸಿ, ಲಾಕನ್ನು ಸಿಕ್ಕಿಸಿ ನೋಡಿದರು. ಸರಿಯಾಗಿ ಕೂತಿತು. ಆಕೆ ನನ್ನ ಕಡೆ ತಿರುಗಿ ನಕ್ಕ ನಗುವಿಗೆ ಹಾಲಿನಲ್ಲಿದ್ದ ನಾಲ್ಕಾರು ಜನ ತಿರುಗಿ ನೋಡಿದರು.

ಅವರಲ್ಲಿ ಒಬ್ಬರು ಭದ್ರಾವತಿಯ ಗುಜರಿ ವ್ಯಾಪಾರಿ, ಬಿಳಿ ಗಡ್ಡದ ಹಿರಿಯರು. ಎಲ್ಲರೂ ಭಾಯ್ ಎನ್ನುತ್ತಿದ್ದರು. ಹತ್ತಿರ ಬಂದು ಕಂಪ್ಯೂಟರನ್ನು ಬೆರಳಿನಿಂದ ತಟ್ಟಿ, "ಇದ್ರಲ್ಲಿ ಏನಿದೆ ಅಮ್ಮಾ? ಖಾಲಿ ಡಬ್ಬಾ. ತೂಕಕ್ಕೂ ಬರಲ್ಲ" ಎಂದರು. ನಾನು ಹೌದು ಹೌದು ಎನ್ನಲು ಬಾಯಿ ತೆರೆದೆ. ಕೊಳ್ಳುವ ಮಾಲನ್ನು ಕೀಳು ಮಾಡಿ ನೋಡುವುದು ಸಂತೆಗೆ ಹೋದ ಎಲ್ಲರಿಗೂ ಗೊತ್ತಿರುವ ಬುದ್ಧಿ. ಅಕ್ಕ ನನ್ನನ್ನು ತಡೆದು ಗಿರಣಿಯ ದನಿಯಲ್ಲಿ ಶುರುಮಾಡಿದರು. "ಖಾಲಿ ಡಬ್ಬಾನಾ? ಬಂಗಾರ ಭಾಯ್ ಇದು! ಇಂಥ ಮಿಷನ್ ಈಗ ಹುಡುಕಿದ್ರೂ ಸಿಗಲ್ಲ. ಇದರ ಬೆಲೆ ಗೊತ್ತಿದ್ದೋರು ಬಿಡ್ತಾರಾ?" ನಾನು ಆಕೆಯ ತೋಳು ಚಿವುಟಿದೆ. "ಯಾಕೆ ಚಿವುಟ್ತೀರಿ?" ಎಂದು ಅದನ್ನೂ ಜೋರಾಗಿಯೇ ಕೇಳಿದರು. ಭಾಯ್ ಗಡ್ಡ ನೀವಿಕೊಂಡು ಆ ಕಂಪ್ಯೂಟರನ್ನು ಮತ್ತೊಮ್ಮೆ, ಈ ಸಲ ಮರ್ಯಾದೆಯಿಂದ, ನೋಡಿದರು.

ಬಸ್ಸಿನಲ್ಲಿ ನಾನು ಬೈದೆ. ಅಕ್ಕ ಕಿಟಕಿಯ ಆಚೆ ನೋಡುತ್ತಾ ಹೇಳಿದರು: "ಮನೆಗೆ ತರೋದನ್ನ ಹೀಯಾಳಿಸಿ ತರಬಾರದು ಟೀಚರೇ. ಸೊಸೆ ಆದ್ರೂ ಅಷ್ಟೇ, ಮಿಷನ್ ಆದ್ರೂ ಅಷ್ಟೇ." ಇದು ಆಕೆಯ ತಾಯಿಯ ಮಾತಂತೆ. ತಾಯಿಯ ಕಾಲದಲ್ಲಿ ಆನ್‌ಲೈನ್ ಹರಾಜು ಇರಲಿಲ್ಲ ಎಂದೆ. ಆಗಲೂ ಗುಜರಿಯವರು ಇದ್ದರು ಎಂದರು. ಆಕೆಯ ಜೊತೆ ವಾದ ಮಾಡಿ ಗೆದ್ದವರನ್ನು ನಾನು ಕಂಡಿಲ್ಲ.

ಹರಾಜು ಒಂದು ಭಾನುವಾರ ಮಧ್ಯಾಹ್ನ, ನಮ್ಮ ಮನೆಯ ಊಟದ ಮೇಜಿನ ಮೇಲೆ ನಡೆಯಿತು. ಅಕ್ಕ ಸ್ನಾನ ಪೂಜೆ ಮುಗಿಸಿ ಬಂದು ಲ್ಯಾಪ್‌ಟಾಪಿನ ಪಕ್ಕ ಒಂದು ಹೂವಿಟ್ಟು ಕೂತರು. ಒಟಿಪಿ ಬಂದರೆ ಎದುರುಮನೆಗೆ ಕೇಳುವ ಹಾಗೆ ಓದಿದರು. ಒಂದನೇ ಸಾರಿ ಎರಡನೇ ಸಾರಿ ಅಂತ ಯಾರು ಹೇಳುತ್ತಾರೆ ಎಂದು ಕೇಳಿದ್ದಕ್ಕೆ, ಪರದೆಯ ಮೂಲೆಯ ಗಡಿಯಾರ ತೋರಿಸಿದೆ. ಅದು ಹಿಂದಕ್ಕೆ ಓಡಿ ಸೊನ್ನೆಯಾದಾಗ ಯಾರ ಕೂಗು ಮೇಲಿರುತ್ತದೋ ಮಾಲು ಅವರದು. ಯಾರು ಕೂಗಿದರು ಎಂದು ಹೆಸರು ಕಾಣುವುದಿಲ್ಲ, ಬರೀ ಒಂದು ನಂಬರು ಕಾಣುತ್ತದೆ. ಇನ್ನೊಂದು ನಿಯಮವಿತ್ತು, ಅದನ್ನು ಎರಡೆರಡು ಸಲ ಓದಿ ಹೇಳಿದೆ: ಕೊನೆಯ ಐದು ನಿಮಿಷದಲ್ಲಿ ಯಾರಾದರೂ ಏರಿಸಿದರೆ ಗಡಿಯಾರ ಮತ್ತೆ ಐದು ನಿಮಿಷಕ್ಕೆ ಹೋಗಿ ನಿಲ್ಲುತ್ತದೆ. ಅಕ್ಕ ಗೊತ್ತಾಯಿತು ಎಂದು ತಲೆಯಾಡಿಸಿದರು.

ಮೊದಲ ಕೂಗು ಅಕ್ಕನದೇ. ಆಮೇಲೆ ಯಾರೂ ಬರಲಿಲ್ಲ. ಗಡಿಯಾರ ಇಳಿಯುತ್ತಾ ಬಂತು. 'ನಿಮ್ಮ ಬಿಡ್ ಮುಂದಿದೆ' ಎಂದು ಹಸಿರು ಅಕ್ಷರ ಹೊಳೆಯುತ್ತಿತ್ತು. ಎರಡು ನಿಮಿಷ ಉಳಿದಿತ್ತು. ಹೆಚ್ಚುಕಡಿಮೆ ಪುಕ್ಕಟೆಯಾಗಿ ಬರುತ್ತಿದೆ ಎಂದು ಹಿಗ್ಗಿ ನಾನು ಕಾಫಿ ಉಕ್ಕುವ ಸದ್ದಿಗೆ ಅಡುಗೆಮನೆಗೆ ಓಡಿದೆ. ಲೋಟ ಹಿಡಿದು ಬಂದು ನೋಡುತ್ತೇನೆ, ಗಡಿಯಾರ ಐದು ನಿಮಿಷದಲ್ಲಿದೆ.

"ಅಯ್ಯೋ, ಯಾರು ಅಕ್ಕ ಏರಿಸಿದ್ದು?"

"ನಾನೇ."

"ನಿಮ್ಮದೇ ಮೇಲಿತ್ತಲ್ಲ!"

"ಇತ್ತು. ಅಷ್ಟು ಕಮ್ಮಿಗೆ ತಗೊಂಡ್ರೆ ಚೆನ್ನಾಗಿರಲ್ಲ ಮಾರಾಯ್ತಿ. ಒಂದು ಮರ್ಯಾದೆ ಬೇಡ್ವಾ?"

ಇದೇನು ಗಣಪತಿ ಪೆಂಡಾಲಾ ಎಂದು ನಾನು ಲೋಟ ಕುಕ್ಕಿದೆ, ಕಾಫಿ ಹೂವಿನ ಮೇಲೆ ಚೆಲ್ಲಿತು. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಎಂದರೆ ಇದೇ. ಸುಮ್ಮನೆ ಕೈ ಕಟ್ಟಿ ಕೂತಿದ್ದರೆ ಎರಡು ನಿಮಿಷದಲ್ಲಿ ಮಾಲು ಆಕೆಯದಾಗುತ್ತಿತ್ತು. ಈಗ ಇನ್ನೂ ಐದು ನಿಮಿಷ ಬಾಗಿಲು ತೆರೆದಿಟ್ಟ ಹಾಗಾಯಿತು, ಆ ಬಾಗಿಲಿನಿಂದ ಒಬ್ಬರು ಬಂದೇ ಬಂದರು. ಹೊಸ ನಂಬರೊಂದು ಅಕ್ಕನ ಕೂಗಿನ ಮೇಲೆ ಹತ್ತಿ ಕೂತಿತು. ಹಸಿರು ಅಕ್ಷರ ಕೆಂಪಾಯಿತು.

"ಭಾಯ್!" ಎಂದರು ಅಕ್ಕ. ಹೆಸರಿಲ್ಲದಿದ್ದರೂ ಆಕೆಗೆ ಅನುಮಾನವಿರಲಿಲ್ಲ.

ಆಮೇಲೆ ಪೈಪೋಟಿ ಶುರುವಾಯಿತು. ಅಕ್ಕ ಏರಿಸಿದರೆ ಆ ನಂಬರು ಏರಿಸುತ್ತಿತ್ತು, ಆ ನಂಬರು ಏರಿಸಿದರೆ ಅಕ್ಕ. ಪ್ರತಿ ಸಲವೂ ಗಡಿಯಾರ ಐದಕ್ಕೆ ಹೋಗಿ ನಿಲ್ಲುತ್ತಿತ್ತು. ಯಜಮಾನರು ಮಧ್ಯಾಹ್ನದ ನಿದ್ದೆ ಬಿಟ್ಟು ಎದ್ದು ಬಂದು ಕುರ್ಚಿಯ ಹಿಂದೆ ನಿಂತರು. ಅಕ್ಕ ಆ ಕಂಪ್ಯೂಟರಿಗೆಂದು ತೆಗೆದಿಟ್ಟಿದ್ದ ಹಣದ ಮಿತಿ ನನಗೆ ಗೊತ್ತಿತ್ತು, ಅದು ಹತ್ತಿರ ಬರುತ್ತಿತ್ತು. ಅದನ್ನು ದಾಟಿದರೆ ಕಂಪ್ಯೂಟರೂ ಇಲ್ಲ, ಗಿರಣಿಯ ಪಕ್ಕದ ಕೋಣೆಯೂ ಇಲ್ಲ. ಟಿಫಿನ್ ಡಬ್ಬಿ ಹಿಡಿದು ದುರ್ಗಿಗುಡಿಯ ಬಸ್ಸಿಗೆ ಕಾಯುವ ಅಕ್ಕ ನನ್ನ ಕಣ್ಣ ಮುಂದೆ ಬಂದರು. ಇಷ್ಟಕ್ಕೂ ಈ ಫಜೀತಿ ಆಕೆ ತಾವಾಗಿ ಮೈಮೇಲೆ ಎಳೆದುಕೊಂಡದ್ದು ಎಂದು ಸಿಟ್ಟೂ ಬರುತ್ತಿತ್ತು.

ಇನ್ನು ಮೂರೇ ಮೂರು ಮೆಟ್ಟಿಲು ಏರುವಷ್ಟು ಹಣ ಉಳಿದಿತ್ತು. ಅಕ್ಕ ಭಾಯ್ ಮೇಲೆ ಒಂದು ಮೆಟ್ಟಿಲು ಏರಿಸಿದರು. ಹಸಿರು ಬಂತು. ನಾನು ಉಸಿರು ಬಿಡುವಷ್ಟರಲ್ಲಿ ಅದರ ಮೇಲೆ ತಾವೇ ಇನ್ನೊಂದು ಏರಿಸಿದರು. "ಅಕ್ಕಾ!" ಎಂದು ಕೈ ಹಿಡಿಯಲು ಹೋದೆ. ನನ್ನ ಕೈ ತಳ್ಳಿ, ಉಳಿದಿದ್ದ ಕೊನೆಯದನ್ನೂ ಒತ್ತಿಬಿಟ್ಟರು. ಒಂದೇ ನಂಬರು, ಒಂದರ ಮೇಲೊಂದು ಮೂರು ಸಲ. ನಂತರ ಕುರ್ಚಿಯಿಂದ ಸ್ವಲ್ಪ ಹಿಂದೆ ಸರಿದು, ಕೈಗಳನ್ನು ಮಡಿಲಲ್ಲಿಟ್ಟುಕೊಂಡು, "ಮುಗೀತು. ನನ್ನ ಹತ್ರ ಇದ್ದಿದ್ದೆಲ್ಲಾ ಕೂಗಿ ಆಯ್ತು. ಇನ್ನು ಶಿವನಿಚ್ಛೆ" ಎಂದರು.

ಇನ್ನೊಂದೇ ಒಂದು ಸಲ ಆ ನಂಬರು ಏರಿಸಿದ್ದರೆ ಕತೆ ಅಲ್ಲಿಗೆ ಮುಗಿಯುತ್ತಿತ್ತು. ಗಡಿಯಾರ ಐದರಿಂದ ಇಳಿಯತೊಡಗಿತು. ಯಜಮಾನರು ಚೆಲ್ಲಿದ್ದ ಕಾಫಿಯನ್ನು ಒರೆಸಿದ್ದನ್ನೇ ಒರೆಸುತ್ತಿದ್ದರು. ಅಕ್ಕ ಮಾತ್ರ ಗಡಿಯಾರದ ಕಡೆ ನೋಡದೆ ಕಿಟಕಿಯ ಆಚೆ, ಎದುರುಮನೆಯವರು ಬಟ್ಟೆ ಒಣಹಾಕುವುದನ್ನು ನೋಡುತ್ತಿದ್ದರು. ಗಡಿಯಾರ ಸೊನ್ನೆಯಾಯಿತು. ಪರದೆಯ ತುಂಬ ಅಭಿನಂದನೆ ಎಂದು ಬಂತು.

ಅಕ್ಕ ಎದ್ದ ರಭಸಕ್ಕೆ ಕುರ್ಚಿ ಬಿತ್ತು. ಬಾಗಿಲಿಗೆ ಓಡಿ, "ರೀ! ಸವಾಲ್ ನಂಗೇ ನಿಂತ್ತು ಕಣ್ರೀ!" ಎಂದು ಎದುರುಮನೆಯವರಿಗೆ ಕೂಗಿದರು. ಏನು ಎತ್ತ ಎಂದು ಗೊತ್ತಿಲ್ಲದ ಆ ಹೆಂಗಸು ಕೈಯಲ್ಲಿದ್ದ ಟವೆಲನ್ನೇ ಬೀಸಿದರು. ನಾನು ಅಕ್ಕನನ್ನು ತಬ್ಬಿಕೊಂಡೆ. ಅಷ್ಟು ಸಂತೋಷವಾಗಿತ್ತು, ಬೈಯುವುದನ್ನು ಆಮೇಲೆ ಇಟ್ಟುಕೊಂಡೆ.

ಮಾಲು ಬಿಡಿಸಿಕೊಳ್ಳಲು ಭದ್ರಾವತಿಗೆ ಹೋದ ದಿನ ಭಾಯ್ ಅಲ್ಲೇ ಇದ್ದರು. ಕುರ್ಚಿ ಬೀರುಗಳ ದೊಡ್ಡ ರಾಶಿಯೊಂದು ಅವರಿಗೆ ಆಗಿತ್ತು, ಲಾರಿಗೆ ತುಂಬಿಸುತ್ತಿದ್ದರು. ಅಕ್ಕನನ್ನು ಕಂಡು ನಕ್ಕು ಹತ್ತಿರ ಬಂದರು. "ನಾನು ಅವತ್ತು ಊಟಕ್ಕೆ ಕೂತಿದ್ದೆ ಅಮ್ಮಾ. ಅಷ್ಟೊತ್ತಿಗೆ ಮುಗಿದಿರುತ್ತೆ ಅಂತ ಬಿಟ್ಟಿದ್ದೆ. ಕೈ ತೊಳೆದು ನೋಡ್ತೀನಿ, ಇನ್ನೂ ಟೈಮ್ ಓಡ್ತಾ ಇದೆ. ನೀವು ಬಂಗಾರ ಅಂದಿದ್ರಲ್ಲ, ನಾನೂ ಹಾಕಿದೆ" ಎಂದರು.

"ಮತ್ತೆ ಯಾಕೆ ಬಿಟ್ರಿ?" ಎಂದು ಕೇಳಿದವಳು ನಾನು.

"ಏನ್ ಮಾಡೋದು ಮೇಡಂ? ನನ್ನ ಮೇಲೆ ಹಾಕಿದ್ರೆ ನಾನು ಇನ್ನೊಂದು ಹಾಕ್ತಿದ್ದೆ. ಇವ್ರು ಇವ್ರ ಮೇಲೇ ಹಾಕಕ್ಕೆ ಶುರು ಮಾಡಿದ್ರು! ತನ್ನ ರೇಟಿನ ಮೇಲೆ ತಾನೇ ರೇಟ್ ಏರಿಸೋರ ಹತ್ರ ಯಾಪಾರ ಮಾಡಕ್ಕಾಗಲ್ಲ. ಇವ್ರು ಬಿಡಲ್ಲ ಅಂತ ಮೊಬೈಲ್ ಜೇಬಿಗೆ ಹಾಕ್ಕೊಂಡೆ." ಅವರೇ ಮುಂದೆ ನಿಂತು ಕಂಪ್ಯೂಟರನ್ನು ಎತ್ತಿಸಿ ನಮ್ಮ ಆಟೋದಲ್ಲಿ ಇಡಿಸಿದರು.

ಅಕ್ಕ ನನ್ನನ್ನು ನೋಡಿದ ನೋಟವನ್ನು ವರ್ಣಿಸುವುದಿಲ್ಲ. ಮೊದಲ ಸಲ ಸುಮ್ಮನಿದ್ದಿದ್ದರೆ ಭಾಯ್ ಕೈ ತೊಳೆಯುವ ಮೊದಲೇ ಹರಾಜು ಮುಗಿದು, ಆ ದುಡ್ಡಿನ ಕಾಲುಭಾಗಕ್ಕೆ ಸಿಗುತ್ತಿತ್ತು ಎಂಬ ನನ್ನ ವಾದ ಇವತ್ತಿಗೂ ಬದಲಾಗಿಲ್ಲ. "ಕಾಲುಭಾಗಕ್ಕೆ ಸಿಕ್ಕಿದ್ರೆ ಕಾಲುಭಾಗದಷ್ಟೇ ಓಡ್ತಿತ್ತು" ಎಂಬ ಆಕೆಯ ವಾದವೂ ಬದಲಾಗಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಆಕೆ ಒಂದು ಮೊಳ ಹೂವು ಕೊಂಡು ಕಂಪ್ಯೂಟರಿಗೆ ಮುಡಿಸಿದರು. ಶಿವಮೊಗ್ಗದವರೆಗೂ ಅದನ್ನು ಕಿಟಕಿ ಪಕ್ಕದ ಸೀಟಿನಲ್ಲಿ ಕೂರಿಸಿ, ತಾವು ಒತ್ತಿಕೊಂಡು ಕೂತರು. ಕಂಡಕ್ಟರು ಅದಕ್ಕೆ ಲಗೇಜ್ ಚಾರ್ಜು ಕೇಳಿದ. "ಲಗೇಜ್ ಯಾಕಪ್ಪಾ, ಫುಲ್ ಟಿಕೆಟ್ಟೇ ಕೊಡು" ಎಂದು ಇಸಿದುಕೊಂಡರು.

ರಿಪೇರಿಯವರು ಅಂಗಡಿಗೇ ಬಂದು ಹಳೆಯದರ ಹಾರ್ಡ್ ಡಿಸ್ಕನ್ನು ಬಿಚ್ಚಿ ಇದಕ್ಕೆ ಕೂರಿಸಿದರು. ಸುದ್ದಿ ಹೇಗೋ ಹಬ್ಬಿತ್ತು. ಗಿರಣಿಯವರು ಗಿರಣಿ ನಿಲ್ಲಿಸಿ ಹಿಟ್ಟು ಮೆತ್ತಿದ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತರು, ಹಿಟ್ಟು ಮಾಡಿಸಲು ಬಂದವರೂ ಅವರ ಹಿಂದೆಯೇ ಬಂದರು. ಅಕ್ಕ ಬೆನ್ನಿಗೆ ಲಾಕ್ ಸಿಕ್ಕಿಸಿ, ಆರತಿ ಎತ್ತಿ, ಆ ಮೂಗನ್ನು ಒತ್ತಿದರು. ಪರದೆ ಕಪ್ಪಾಗಿಯೇ ಇತ್ತು. ಒಳಗಿನಿಂದ ಒಂದು ಕಿರಿಕಿರಿ ಸದ್ದು ಬಂದು ನಿಂತುಹೋಯಿತು. ಅಕ್ಕ ಅದರ ತಲೆ ಸವರಿ, "ಬಾರಮ್ಮ, ನಮ್ಮನೆ ಇದು" ಎಂದರು. ಒಂದು ಬೀಪ್ ಕೇಳಿಸಿತು. ಬಿಳಿ ಅಕ್ಷರಗಳು ಸಾಲಾಗಿ ಓಡಿದವು, ಆಮೇಲೆ ಆಕೆಯ ಸಾಫ್ಟ್‌ವೇರು ತೆರೆದುಕೊಂಡಿತು. ಆ ಬೆರಳುಗಳು ಕೀಬೋರ್ಡಿನ ಮೇಲೆ ಇಳಿದು, ಯಾರನ್ನೂ ಏನನ್ನೂ ಕೇಳದೆ ಓಡತೊಡಗಿದವು. ಅಕ್ಷರಗಳನ್ನು ಬಾಯಲ್ಲಿ ಹೇಳಿಕೊಳ್ಳುವ ಆ ದನಿ ಬೀದಿಯ ತುದಿಗೆ ಕೇಳಿಸಿತು. ಹಿಟ್ಟಿನ ಡಬ್ಬ ಹಿಡಿದು ನಿಂತಿದ್ದ ಹೆಂಗಸೊಬ್ಬರು ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು. ಗಿರಣಿಯವರು, "ಮೂಟೆ ಎಲ್ಲಾದ್ರೂ ಇಟ್ಕೊಳ್ತೀನಿ ಬಿಡಿ ಅಕ್ಕ" ಎಂದು ಕೈ ಮುಗಿದು ಗಿರಣಿಗೆ ಹೋದರು.

ಆ ಸುಗ್ಗಿಯ ಲಗ್ನಪತ್ರಿಕೆಗಳು ಅಲ್ಲೇ ಆದವು, ಅದರ ಮುಂದಿನ ಸುಗ್ಗಿಗಳವೂ ಆದವು. ದುರ್ಗಿಗುಡಿಯ ಶಿಷ್ಯ ಹಳೇ ಸಾಫ್ಟ್‌ವೇರಿನ ಅಕ್ಷರವೇ ಬೇಕೆನ್ನುವ ಕೆಲಸ ಬಂದಾಗಲೆಲ್ಲ ತಾನೇ ಅದನ್ನು ಹಿಡಿದುಕೊಂಡು ಅಕ್ಕನ ಅಂಗಡಿಗೆ ಬಂದು, ಸ್ಟೂಲಿನ ಮೇಲೆ ಕೂತು ಸರದಿ ಕಾಯುತ್ತಿದ್ದ.

ಈ ಯುಗಾದಿಯ ಹಿಂದಿನ ದಿನ ಅಂಗಡಿ ಮುಚ್ಚುತ್ತಿದ್ದೇನೆ ಬನ್ನಿ ಎಂದು ಅಕ್ಕ ಫೋನು ಮಾಡಿದಾಗ ನಾನು ಗಾಬರಿಯಾಗಿ ಹೋದೆ. ಆಕೆ ಯಾರದೋ ಗೃಹಪ್ರವೇಶದ ಕಾರ್ಡಿನ ಪ್ರಿಂಟು ತೆಗೆಯುತ್ತಿದ್ದರು. ಶಿಷ್ಯ ಹಾರ ಹಿಡಿದು ಬಾಗಿಲಲ್ಲಿ ನಿಂತಿದ್ದ.

"ಏನಾಯ್ತು ಅಕ್ಕ? ಮತ್ತೆ ಮಿಷನ್ ಕೈಕೊಡ್ತಾ?"

"ಕೈಕೊಡೋದಾ? ನಿನ್ನೆಗಿಂತ ಇವತ್ತು ಚೆನ್ನಾಗಿ ಓಡ್ತಿದೆ. ಅದು ಕೆಟ್ಟು ನಿಂತ ಮೇಲೆ ಮುಚ್ಚೋದು ಮರ್ಯಾದೆ ಅಲ್ಲ, ಅದಕ್ಕೇ ಇವತ್ತೇ ಮುಚ್ತಿದ್ದೀನಿ" ಎಂದರು ಅಕ್ಕ. ಕಾರ್ಡುಗಳನ್ನು ಗಿರಾಕಿಯ ಕೈಗೆ ಕೊಟ್ಟು, ಕಂಪ್ಯೂಟರನ್ನು ಆರಿಸಿ ಹೊರಗೆ ಬಂದರು. ಶಿಷ್ಯ ಶಟರು ಎಳೆಯಲು ಮುಂದಾದ. ಅವನನ್ನು ಪಕ್ಕಕ್ಕೆ ಸರಿಸಿ, ಸೆರಗು ಸಿಕ್ಕಿಸಿಕೊಂಡು, ತಾವೇ ಎರಡೂ ಕೈಯಲ್ಲಿ ಹಿಡಿದು ಇಡೀ ಬೀದಿಗೆ ಕೇಳುವ ಹಾಗೆ ಎಳೆದರು.